ಗೊಂಬೆಯ ಕೊರಳಿನ ಒದ್ದೆ

ಸಂಜೆಯ ಬೆಳಕು ಇಳಿಯುತ್ತಿದ್ದಂತೆ ಟೈಲರ್ ಅಂಗಡಿಯ ಮಹಡಿಯಲ್ಲಿ ಮಾತು ಶುರುವಾಗುತ್ತಿತ್ತು. ಮೊದಲು ಒಂದು ಪ್ರಶ್ನೆ, ಸ್ವಲ್ಪ ಹೊತ್ತು ಮೌನ, ಆಮೇಲೆ ಉತ್ತರ ಕೇಳಿಸಿಕೊಂಡವರಂತೆ ಒಂದು "ಹೂಂ". ಕೋಣೆಯಲ್ಲಿದ್ದದ್ದು ಟೈಲರನ ತಾಯಿ ಒಬ್ಬರೇ.

ಜೊತೆಗೆ ಮೂಲೆಯಲ್ಲಿ ಒಂದು ಗೊಂಬೆ. ಹೊಲಿದ ಬಟ್ಟೆಯನ್ನು ತೊಡಿಸಿ ನೋಡಲು ಹಿಂದೆ ಅಂಗಡಿಯಲ್ಲಿ ಬಳಸುತ್ತಿದ್ದ, ಒಳಗೆ ಹತ್ತಿ ತುಂಬಿ ಮೇಲೆ ಬಿಳಿ ಬಟ್ಟೆ ಬಿಗಿದ ಗೊಂಬೆ ಅದು. ತಲೆಯಿಲ್ಲ, ಕೈಯಿಲ್ಲ; ಕೊರಳಿನಿಂದ ಸೊಂಟದವರೆಗೆ ಮೈ, ಕೆಳಗೆ ಮರದ ಕಾಲು. ಅಂಗಡಿಗೆ ಹೊಸ ಯಂತ್ರ ಬಂದು ಜಾಗ ಸಾಲದಾದಾಗ ಟೈಲರ್ ಅದನ್ನೂ, ಕಣ್ಣು ಮಂಜಾಗಿ ದಾರ ಪೋಣಿಸಲಾಗದ ತಾಯಿಯನ್ನೂ ಒಟ್ಟಿಗೆ ಮಹಡಿಗೆ ಸಾಗಿಸಿದ್ದ. ಇಷ್ಟು ವರ್ಷ ದುಡಿದಿದ್ದು ಸಾಕು, ಇನ್ನು ಆರಾಮಾಗಿರಮ್ಮ ಎಂದು ಪ್ರೀತಿಯಿಂದಲೇ ಹೇಳಿದ್ದ. ಮೆಟ್ಟಿಲು ಕಡಿದಾಗಿದ್ದುದರಿಂದ ತಾಯಿ ಮತ್ತೆ ಕೆಳಗೆ ಇಳಿಯಲಿಲ್ಲ.

ಸೊಸೆ ಅತ್ತೆಯ ವಿಷಯದಲ್ಲಿ ಅಚ್ಚುಕಟ್ಟು. ಹೊತ್ತಿಗೆ ಸರಿಯಾಗಿ ಊಟ, ಮಂಚದ ಪಕ್ಕ ಹೂಜಿ ತುಂಬ ನೀರು, ಮೇಲೊಂದು ಲೋಟ. ಸಂಜೆಯ ಹೊತ್ತಿಗೆ ಹೂಜಿ ಖಾಲಿಯಾಗಿರುತ್ತಿತ್ತು. ಅವಳಿಗೆ ಅದೇ ಸಮಾಧಾನ.

ಆದರೆ ಕೆಲವೇ ದಿನಗಳಲ್ಲಿ ಅತ್ತೆ ಬೇರೆಯವರಾಗಿಬಿಟ್ಟರು. ಸೊಸೆಯನ್ನು ನೋಡಿ ನೀನ್ಯಾರು ಎಂದರು. ತಮ್ಮ ಶಾಲನ್ನು ಗೊಂಬೆಗೆ ಹೊದಿಸಿದರು. ಒಂದು ಸಂಜೆ ಕಸ ಗುಡಿಸಲು ಹೋದ ಸೊಸೆ ಆ ಶಾಲನ್ನು ತೆಗೆದಾಗ ಗೊಂಬೆಯ ಕೊರಳು ಒದ್ದೆಯಾಗಿತ್ತು. ಮನುಷ್ಯರು ಬೆವರಿದಂತೆ ಒದ್ದೆ ಎದೆಯವರೆಗೂ ಇಳಿದಿತ್ತು. ತಲೆಯೆತ್ತಿ ನೋಡಿದಳು, ಸೂರು ಒಣಗಿತ್ತು. ಕಿಟಕಿ ಮುಚ್ಚಿತ್ತು. ಗೊಂಬೆಯನ್ನು ಗೋಡೆಯ ಕಡೆಗೆ ತಿರುಗಿಸಿಟ್ಟು ಇಳಿದು ಬಂದಳು. ಮರುದಿನ ಅದು ಮಂಚದ ಕಡೆಗೆ ತಿರುಗಿ ನಿಂತಿತ್ತು, ಕೊರಳು ಮತ್ತೆ ಒದ್ದೆ.

ಅದಾದ ಮೇಲೆ ತಾಯಿ ಕಡಿದಾದ ಮೆಟ್ಟಿಲಿನ ಅಂಚಿಗೆ ಬಂದು ನಿಂತರು. ಮಹಡಿಗೆ ಯಾರೋ ಬಂದಿದ್ದಾಳಂತೆ, ಅವಳನ್ನು ಕೆಳಗಿನವರೆಗೆ ಕಳಿಸಿಕೊಡಬೇಕಂತೆ. ಟೈಲರ್ ಓಡಿಹೋಗಿ ಹಿಡಿಯದಿದ್ದರೆ ಬಿದ್ದೇಬಿಡುತ್ತಿದ್ದರು. ಅವನು ಅಂದೇ ಒಂದು ದೊಡ್ಡ ಚಿಲಕ ತಂದ. ಬಾಗಿಲಿಗೆ ಹೊರಗಡೆಯಿಂದ ಹಾಕುವುದಕ್ಕೆ. ಮರುದಿನ ಬರಲು ಬಡಗಿಗೂ ಹೇಳಿದ.

ಪಕ್ಕದ ಜೆರಾಕ್ಸ್ ಅಂಗಡಿಯವಳಿಗೆ ಟೈಲರ್ ಇಟ್ಟ ಹೆಸರು ಕಾಲೇಜಕ್ಕ. ನಡುವಯಸ್ಸಿನಲ್ಲಿ ಅವಳು ಸಮುದಾಯ ಕಾಲೇಜಿಗೆ ಸೇರಿ, ಸಮಾಜಶಾಸ್ತ್ರವನ್ನೂ ಹಿರಿಯರ ಆರೈಕೆಯನ್ನೂ ಒಟ್ಟಿಗೆ ಕಲಿಸುವ ಕೋರ್ಸು ಓದುತ್ತಿದ್ದಳು. ಹಿಂದೊಮ್ಮೆ ಟೈಲರ್ ಅವಳನ್ನು ಕೆಣಕಿದ್ದ.

"ಮುದುಕರಿಗೆ ಅನ್ನ ಹಾಕೋಕೂ ಪರೀಕ್ಷೆ ಬರೀಬೇಕಾ ಕಾಲೇಜಕ್ಕ? ಫೇಲಾದ್ರೆ ಅವರು ಉಪವಾಸಾನಾ?"

"ಫೇಲಾದೋರ ಮನೇಲಿ ಉಪವಾಸಾನೇ ಅಣ್ಣ," ಎಂದಿದ್ದಳು ಅವಳು. "ಪರೀಕ್ಷೆ ನಡೀತಿದೆ ಅಂತ ಅವರಿಗೆ ಗೊತ್ತಿರಲ್ಲ, ಅಷ್ಟೆ."

ಚಿಲಕವನ್ನು ನೋಡಿದ ಸೊಸೆ ನೇರವಾಗಿ ಹೋಗಿ ಅವಳನ್ನೇ ಕರೆತಂದಳು. ಸಂಜೆಯಾಗಿತ್ತು. ಟೈಲರನೂ ಸೇರಿ ಮೂವರೂ ಮೇಲೆ ಹತ್ತಿದರು. ಶಾಲು ಹೊದ್ದು ನಿಂತಿದ್ದ ತಲೆಯಿಲ್ಲದ ಆಕೃತಿಯನ್ನು ಕಂಡು ಕಾಲೇಜಕ್ಕನ ಹೆಜ್ಜೆಯೂ ಹೊಸ್ತಿಲಲ್ಲಿ ನಿಂತಿತು. ಹತ್ತಿರ ಹೋಗಿ ಕೊರಳು ಮುಟ್ಟಿದಳು. ತಣ್ಣಗಿತ್ತು. ಕಾರಣ ಅವಳಿಗೂ ಹೊಳೆಯಲಿಲ್ಲ.

ಆಮೇಲೆ ಅವಳು ಗೊಂಬೆಗೆ ಬೆನ್ನು ಹಾಕಿ ಅಜ್ಜಿಯ ಮುಂದೆ ಕುಳಿತಳು. ತುಟಿ ಬಿರಿದಿತ್ತು, ನಾಲಿಗೆ ಒಣಗಿ ಒರಟಾಗಿತ್ತು, ಮೈ ಸ್ವಲ್ಪ ಬಿಸಿಯಿತ್ತು. ಮೂತ್ರಕ್ಕೆ ಯಾವಾಗ ಹೋದರು ಎಂದು ಕೇಳಿದಳು. ಗಂಡ ಹೆಂಡತಿ ಇಬ್ಬರಿಗೂ ಗೊತ್ತಿರಲಿಲ್ಲ.

"ಯಾರಮ್ಮಾ ಅಲ್ಲಿ ನಿಂತಿರೋದು?" ಎಂದಳು ಮೆಲ್ಲಗೆ.

"ಅಳತೆ ಕೊಡೋಕೆ ಬಂದಿದ್ದಾಳೆ," ಅಜ್ಜಿ ಪಿಸುಗುಟ್ಟಿದರು. "ಬಾಯಾರಿದೆ ಬಾಯಾರಿದೆ ಅಂತಾಳೆ. ಎಷ್ಟು ಕೊಟ್ಟರೂ ಸಾಲದು ಅವಳಿಗೆ."

ಹಾಗೆನ್ನುತ್ತಲೇ ಎದ್ದರು. ಹೂಜಿಯಲ್ಲಿ ಉಳಿದಿದ್ದ ನೀರನ್ನೆಲ್ಲ ಲೋಟಕ್ಕೆ ಬಗ್ಗಿಸಿದರು, ಗೋಡೆ ಹಿಡಿದು ಮೂಲೆಗೆ ನಡೆದರು, ತಲೆಯಿರಬೇಕಾದ ಜಾಗದಲ್ಲಿ ನೀರನ್ನು ನಿಧಾನವಾಗಿ ಸುರಿದರು. ಒಂದು ಹನಿಯೂ ನೆಲಕ್ಕೆ ಬೀಳಲಿಲ್ಲ. ಒಳಗಿನ ಹತ್ತಿ ಅಷ್ಟನ್ನೂ ಸದ್ದಿಲ್ಲದೆ ಹೀರಿಕೊಂಡಿತು.

ಸೊಸೆಯ ಕಣ್ಣು ಖಾಲಿ ಹೂಜಿಯ ಕಡೆಗೆ ಹೋಯಿತು.

"ಅಣ್ಣ, ಚಿಲಕ ಬೇಡ. ಗಾಡಿ ಕರಿ," ಎಂದಳು ಕಾಲೇಜಕ್ಕ. "ಈಗಲೇ ಆಸ್ಪತ್ರೆಗೆ ಹೋಗ್ಬೇಕು."

"ಇದು ಮೈಮೇಲೆ ಬಂದಿರೋದಲ್ವಾ ಅಕ್ಕ?" ಟೈಲರ್ ಗೊಂಬೆಯ ಕಡೆ ನೋಡುತ್ತ ಕೇಳಿದ.

"ಅದಾದ್ರೆ ನಾಳೆ ನೋಡೋಣ. ಮೈಯಲ್ಲಿ ನೀರಿಲ್ಲ ಅನ್ನೋದು ನಾಳೆವರೆಗೆ ಕಾಯಲ್ಲ."

ದಾರಿಯಲ್ಲಿ ಅವಳು ವಿವರಿಸಿದಳು. ವಯಸ್ಸಾದಂತೆ ಬಾಯಾರಿಕೆ ಸರಿಯಾಗಿ ತಿಳಿಯುವುದಿಲ್ಲ. ಮೈಯಲ್ಲಿ ನೀರು ಕಡಿಮೆಯಾದರೂ, ಎಲ್ಲಾದರೂ ಸೋಂಕು ತಗುಲಿದರೂ ಮೊದಲು ಕದಡುವುದು ಕೆಲವೊಮ್ಮೆ ಬುದ್ಧಿಯೇ. ಇಲ್ಲದವರು ಕಾಣುತ್ತಾರೆ, ಇರುವವರ ಗುರುತು ಸಿಗುವುದಿಲ್ಲ. ಇಂಥ ಬದಲಾವಣೆ ದಿಢೀರನೆ ಬಂದರೆ ಅದನ್ನು ಮುಪ್ಪು ಎಂದು ಬಿಟ್ಟುಬಿಡಬಾರದು. ಆಸ್ಪತ್ರೆಯಲ್ಲಿ ವೈದ್ಯರು ಪರೀಕ್ಷಿಸಿ, ನೀರಿನ ಕೊರತೆಯೂ ಮೂತ್ರದ ಸೋಂಕೂ ಎರಡೂ ಇವೆ ಎಂದರು. ಬಾಗಿಲಿಗೆ ಚಿಲಕ ಹಾಕಿ ಒಳಗೇ ಬಿಟ್ಟಿದ್ದರೆ ಉಳಿಸುವುದು ಕಷ್ಟವಿತ್ತು ಎಂದೂ ಹೇಳಿದರು.

ಚಿಕಿತ್ಸೆ ಮುಂದುವರಿದಂತೆ ತಾಯಿಗೆ ಮಗನ ಗುರುತು ಹತ್ತಿತು. ಮೊದಲು ಕೇಳಿದ್ದು ಅಂಗಡಿಯನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು.

ಮನೆಗೆ ಬಂದ ಮೇಲೆ ಟೈಲರ್ ಹಳೆಯ ಚಾಳಿ ಬಿಡದೆ ಕೇಳಿದ. "ಆರೈಕೆ ಕಲಿತಿದ್ದು ಸರಿ ಅಕ್ಕ. ಸಮಾಜಶಾಸ್ತ್ರ ಯಾಕೆ? ಅದನ್ನ ಓದಿದ್ರೆ ಗ್ಲೂಕೋಸ್ ಹಾಕೋಕೆ ಬರುತ್ತಾ?"

ಕಾಲೇಜಕ್ಕ ನಗಲಿಲ್ಲ. "ಅಮ್ಮನ ಜೊತೆ ಕೆಳಗೆ ಎಷ್ಟು ಜನ ಮಾತಾಡ್ತಿದ್ರು ಅಣ್ಣ? ಅಳತೆ ಕೊಡೋರು, ಬೈಯೋರು, ಚೌಕಾಸಿ ಮಾಡೋರು. ನೀನು ಕೆಲಸ ಬಿಡಿಸ್ದೆ, ಅದರ ಜೊತೆ ಅಷ್ಟೂ ಜನ ಬಿಟ್ಟುಹೋದ್ರು. ಮಹಡಿ ಹತ್ತಿ ಬಂದ ಗಿರಾಕಿ ಒಬ್ಬಳೇ. ಅವಳಿಗೆ ತಲೆ ಇರಲಿಲ್ಲ. ಇದನ್ನ ನೋಡೋಕೆ ಕಲಿಸೋದೇ ಸಮಾಜಶಾಸ್ತ್ರ."

ಟೈಲರ್ ಹೊಸ ಯಂತ್ರವನ್ನು ಒಳಗೆ ಸರಿಸಿ ಬಾಗಿಲ ಬಳಿ ತಾಯಿಗೆ ಕುರ್ಚಿ ಹಾಕಿದ. ಮಲಗುವ ಮಂಚವೂ ಕೆಳಗೇ ಬಂತು. ಗುಂಡಿಗಳನ್ನು ಬೆರಳಿನಿಂದಲೇ ಮುಟ್ಟಿ ಜೋಡಿಸುವುದು ಈಗ ತಾಯಿಯ ಕೆಲಸ, ಗಿರಾಕಿಗಳನ್ನು ಗದರುವುದೂ ಅವರದ್ದೇ. ನೀರನ್ನು ಸೊಸೆ ಕೈಗೇ ಕೊಡುತ್ತಾಳೆ, ತಾನೂ ಒಂದು ಲೋಟ ಹಿಡಿದು ಜೊತೆಗೆ ಕುಡಿಯುತ್ತಾಳೆ. ಕಾಲೇಜಕ್ಕನ ಕೋರ್ಸಿಗೆ ಅವಳೂ ಸೇರಿದ್ದಾಳೆ. ತರಗತಿಯಿರುವ ದಿನ ಅಡುಗೆ ಟೈಲರನದ್ದು. ತಾಯಿಯ ಅಭಿಪ್ರಾಯದಲ್ಲಿ ಅವನಿಗೂ ಒಂದು ಕೋರ್ಸು ಬೇಕು.

ಗೊಂಬೆಯನ್ನು ಬಿಚ್ಚಿದಾಗ ಒಳಗಿನ ಹತ್ತಿ ಬೂಷ್ಟು ಹಿಡಿದು ಕಪ್ಪಾಗಿತ್ತು. ಹಿಂಡಿದಷ್ಟೂ ನೀರು ಬರುತ್ತಿತ್ತು. ಆ ದಿನಗಳಲ್ಲಿ ಏನಾಯಿತೆಂದು ಸೊಸೆ ಕೇಳಿದರೆ ತಾಯಿಗೆ ಹೆಚ್ಚೇನೂ ನೆನಪಿಲ್ಲ.

"ಅವಳ ಮುಖ ಕಾಣ್ತಿರಲಿಲ್ಲ ಕಣಮ್ಮ," ಎಂದರು ಒಮ್ಮೆ. "ಬಾಯಾರಿದೆ ಅನ್ನೋ ದನಿ ಮಾತ್ರ ನನ್ನದೇ ಥರ ಇತ್ತು."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಹಿರಿಯರು ದಿಢೀರನೆ ಬದಲಾದರೆ ಬಾಗಿಲು ಮುಚ್ಚಬೇಡಿ. ಅಂದೇ ವೈದ್ಯರಿಗೆ ತೋರಿಸಿ. ಎಷ್ಟು ನೀರು ಕೊಡಬೇಕೆಂದು ಅವರನ್ನೇ ಕೇಳಿ. ಹತ್ತಿರದ ಸಮುದಾಯ ಕಾಲೇಜಿನಲ್ಲಿ ಇಂಥ ಕೋರ್ಸು ಇದೆಯೇ ಎಂದು ಒಮ್ಮೆ ವಿಚಾರಿಸಿ. ಪ್ರೀತಿ ನಿಮ್ಮಲ್ಲಿದೆ, ಅದರ ಜೊತೆಗೆ ಏನನ್ನು ಗಮನಿಸಬೇಕೆಂಬುದನ್ನು ಅಲ್ಲಿ ಕಲಿಯಬಹುದು. ಅಲ್ಲಿಯವರೆಗೆ ಇಷ್ಟು ಮಾಡಿ: ಲೋಟ ಖಾಲಿಯಾಗಿದೆ ಎಂದು ನೆಮ್ಮದಿಯಿಂದ ಇಳಿದು ಬರಬೇಡಿ. ಕುಡಿದವರು ಯಾರೆಂದು ನಿಂತು ನೋಡಿ.