ನೊರೆ ಇಳಿಯುವವರೆಗೆ

ಮನೆಯಲ್ಲಿ ಮಾಡಿದ ಬಿಯರನ್ನು ಬಾಟಲಿಗೆ ತುಂಬಲು ಇಬ್ಬರು ಬೇಕು. ಒಬ್ಬರು ತುಂಬಬೇಕು, ಇನ್ನೊಬ್ಬರು ಮುಚ್ಚಳ ಒತ್ತಬೇಕು. ಒಬ್ಬನೇ ಮಾಡಬಹುದು ಅನ್ನುವವರು ಮಾಡಿ ನೋಡಲಿ, ಅಡುಗೆಮನೆ ನೆಲ ಒರೆಸಿ ಸಾಕಾಗುತ್ತದೆ. ನಮ್ಮಲ್ಲಿ ಮುಚ್ಚಳ ಒತ್ತುತ್ತಿದ್ದವಳು ನನ್ನ ಹೆಂಡತಿ ನೋಲೀನ್. ಕಳೆದ ಚಳಿಗಾಲದಲ್ಲಿ ಅಡಿಲೇಡಿಗೆ ತಂಗಿಯ ಮನೆಗೆಂದು ಹೋದವಳು, ಇನ್ನು ಅಲ್ಲೇ ಇರುತ್ತೇನೆ ಎಂದು ಫೋನಿನಲ್ಲಿ ಹೇಳಿದಳು. ಜಗಳವಾಡಿ ಹೋಗಿದ್ದರೆ ನಾಲ್ಕು ಜನರಿಗೆ ಹೇಳಿಕೊಳ್ಳಲು ಒಂದು ಕಾರಣವಾದರೂ ಇರುತ್ತಿತ್ತು.

ಆಮೇಲೆ ನಾನು ಉಕ್ಕಿನ ಪೀಪಾಯಿ ಕೊಂಡೆ. ಹಿಂದೆ ಯಾವುದೋ ತಂಪು ಪಾನೀಯ ತುಂಬುತ್ತಿದ್ದ ಹಳೇ ಪೀಪಾಯಿ, ಜತೆಗೆ ಒಂದು ಗ್ಯಾಸ್ ಸಿಲಿಂಡರು. ಒಬ್ಬನ ಕೈಲಿ ಆಗುವ ಕೆಲಸ ಎಂದು ಅಂಗಡಿಯವನಿಗೆ ಹೇಳಿದೆ. ಅದು ಅರ್ಧ ನಿಜ. ಬಾಟಲಿ ಕೊಟ್ಟರೆ ಪೋರ್ಟ್ ಪಿರಿ ಊರಿನ ನಮ್ಮ ಬೀದಿಯವರು ತಮ್ಮ ತಮ್ಮ ಮನೆಯಲ್ಲಿ ಕುಡಿದು, ಖಾಲಿ ಬಾಟಲಿಯನ್ನು ಗೇಟಿನ ಬುಡದಲ್ಲಿಟ್ಟು ಹೋಗುತ್ತಾರೆ. ಪೀಪಾಯಿ ಹಾಗಲ್ಲ. ಅದು ನನ್ನ ಶೆಡ್ಡಿನ ಫ್ರಿಜ್ಜು ಬಿಟ್ಟು ಕದಲುವುದಿಲ್ಲ. ಕುಡಿಯಬೇಕಾದವರು ನನ್ನಲ್ಲಿಗೇ ಬರಬೇಕು, ಕೂರಬೇಕು. ನನಗೆ ಜನ ಬೇಕಾಗಿತ್ತು. ಅದಕ್ಕೆ ನಾಚಿಕೆಯೇನಿಲ್ಲ.

ಪೀಪಾಯಿ ತೊಳೆದು, ಬಿಯರ್ ಇಳಿಸಿ, ಗ್ಯಾಸು ಜೋಡಿಸಿದೆ. ಕಡಿಮೆ ಒತ್ತಡದಲ್ಲಿಟ್ಟು ವಾರಗಟ್ಟಲೆ ಸುಮ್ಮನಿದ್ದರೆ ಗ್ಯಾಸು ತಾನಾಗಿ ಬಿಯರಿನೊಳಗೆ ಕರಗುತ್ತದೆ. ತಾಳಿದವನು ಬಾಳಿಯಾನು ಅನ್ನುತ್ತಾರೆ, ಆದರೆ ಖಾಲಿ ಮನೆಯಲ್ಲಿ ತಾಳುವುದು ಎಷ್ಟು ದಿನ? ಇನ್ನೊಂದು ದಾರಿ, ಒತ್ತಡ ಏರಿಸಿ ಪೀಪಾಯಿಯನ್ನು ಅಲ್ಲಾಡಿಸುವುದು. ಅದನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ರೇಡಿಯೊದಲ್ಲಿ ಫುಟ್ಬಾಲ್ ಮುಗಿಯುವವರೆಗೆ ಮಗುವಿನಂತೆ ತೂಗಿದೆ. ತಣ್ಣಗೆ ಕೊರೆಯುತ್ತಿತ್ತು. ಆದರೂ ತೊಡೆಯ ಮೇಲೆ ಏನೋ ಒಂದು ಭಾರವಿತ್ತು.

ಶನಿವಾರ ಸಂಜೆ ಬನ್ನಿ ಎಂದು ಬೀದಿಗೆಲ್ಲ ಹೇಳಿ, ಮಾಂಸ ತುಂಬಿದ ಕಡುಬಿನಂಥ ಪೇಸ್ಟಿಗಳನ್ನು ತಂದು ಬಿಸಿ ಮಾಡಿಟ್ಟೆ. ಬಂದವನು ಡಾರ್ಸಿ ಒಬ್ಬನೇ. ತಿರುವಿನಾಚೆ ಹೆಂಡತಿ ಮೇವಿಸ್ ಜತೆ ಇರುವ ನಿವೃತ್ತ ಪ್ಲಂಬರು. ಅವನೂ ಕೈಯಲ್ಲಿ ದೊಡ್ಡದೊಂದು ಖಾಲಿ ಜಗ್ಗು ಹಿಡಿದಿದ್ದ.

"ಇದಕ್ಕೆ ತುಂಬ್ಸು ಗುರು, ಮನೆಗೆ ತಗೊಂಡ್ ಹೋಗ್ತೀನಿ. ಮೇವಿಸ್ ಕಾಯ್ತಿದಾಳೆ."

ಪೇಸ್ಟಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಪೀಪಾಯಿಯ ಪೈಪಿನ ತುದಿಯ ನಲ್ಲಿ ತಿರುಗಿಸಿದೆ. ಬುಸ್ಸೆಂದು ಬಂದದ್ದೆಲ್ಲ ನೊರೆ. ಜಗ್ಗು ತುಂಬಿ, ಉಕ್ಕಿ, ನನ್ನ ಚಪ್ಪಲಿಯೊಳಗೆ ಇಳಿಯಿತು.

"ಏನಯ್ಯಾ ಇದು, ಬಿಯರ್ ಮಾಡಿದ್ಯೋ ಶೇವಿಂಗ್ ಕ್ರೀಮೋ?"

"ಹಾಳಾದ್ದು! ಇಳಿಯೋವರ್ಗೂ ಕಾಯ್ಬೇಕು" ಎಂದೆ.

ಡಾರ್ಸಿ ಕುರ್ಚಿ ಎಳೆದುಕೊಂಡು ಕೂತ. ನೊರೆ ಇಳಿಯಿತು, ಮತ್ತೆ ಹಿಡಿದೆವು, ಮತ್ತೆ ನೊರೆ. ಅಷ್ಟರಲ್ಲಿ ಅವನು ತನ್ನ ಮಂಡಿಯ ಆಪರೇಷನ್ನಿನ ಕಥೆ ಹೇಳಿದ, ಎರಡು ಪೇಸ್ಟಿ ತಿಂದ, ನನ್ನ ಫುಟ್ಬಾಲ್ ತಂಡವನ್ನು ಹೀನಾಮಾನ ಬೈದ. ಜಗ್ಗು ತುಂಬುವ ಹೊತ್ತಿಗೆ ಹೊರಗೆ ಕತ್ತಲಾಗಿತ್ತು. ಅಷ್ಟು ಒಳ್ಳೆಯ ಸಂಜೆ ಕಂಡು ನನಗೆ ಬಹಳ ಕಾಲವಾಗಿತ್ತು.

ಮುಂದಿನ ಶನಿವಾರವೂ ಬಂದ. ಹೆಚ್ಚಿನ ಗ್ಯಾಸನ್ನು ನಾನು ಅಷ್ಟರಲ್ಲಿ ಹೊರಗೆ ಬಿಟ್ಟಿದ್ದೆ, ಆದರೂ ನೊರೆ ನಿಂತಿರಲಿಲ್ಲ. ದೇವರು ದೊಡ್ಡವನು ಎಂದುಕೊಂಡೆ. ಬಾಯಲ್ಲಿ ಮಾತ್ರ "ದರಿದ್ರ ಪೀಪಾಯಿ, ಒಯ್ದು ಸಮುದ್ರಕ್ಕೆ ಎಸೀತೀನಿ" ಎಂದು ಒದರಾಡಿದೆ. ನೊರೆ ಇನ್ನೆಷ್ಟು ಹೊತ್ತು ಉಳಿದೀತೆಂದು ಗೋಡೆ ಗಡಿಯಾರವನ್ನೂ ನೋಡುತ್ತಲೇ ಇದ್ದೆ. ಖುಷಿಯಾದಾಗ ಬೈಯುವುದು ನನ್ನ ಜಾಯಮಾನ, ಏನು ಮಾಡಲಿ?

ಮೂರನೆಯ ವಾರ ಡಾರ್ಸಿ ಬಂದಾಗ ಹೆಗಲ ಮೇಲೆ ಸುರುಳಿ ಸುತ್ತಿದ ಪೈಪಿತ್ತು.

"ನಿನ್ನ ಪೈಪು ತೀರಾ ಗಿಡ್ಡ ಕಣಯ್ಯಾ. ಬಿಯರ್ ಒಂದೇ ಏಟಿಗೆ ನುಗ್ಗುತ್ತೆ, ಅದಕ್ಕೇ ನೊರೆ. ಉದ್ದ ಹಾಕಿದ್ರೆ ನಿಧಾನಕ್ಕೆ ಬರುತ್ತೆ. ಸರಿ ಆಚೆ, ಇದು ನನ್ನ ಕಸುಬು."

ಬೇಡ ಎನ್ನಬೇಕಿತ್ತು. ಏನೆಂದು ಬೇಡ ಎನ್ನಲಿ? ಅವನು ಮಂಡಿ ನೋವಿನಲ್ಲೇ ಬಗ್ಗಿ ಹಳೆಯದನ್ನು ಕಿತ್ತು, ಹೊಸದನ್ನು ಬಿಗಿದು, ಸಂದಿಗಳಿಗೆ ಸೋಪಿನ ನೀರು ಸವರಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದ. ಏಳಲಿಲ್ಲ. ನಲ್ಲಿ ತಿರುಗಿಸಿದ. ಕಂದು ಬಿಯರು ಸದ್ದಿಲ್ಲದೆ ಇಳಿದು, ಮೇಲೆ ಎರಡು ಬೆರಳು ನೊರೆ ಕಟ್ಟಿತು. ನೋಡುನೋಡುತ್ತಲೇ ಜಗ್ಗು ತುಂಬಿತು.

"ನೋಡು, ಹೆಂಗಿದೆ!" ಎಂದು ಬೀಗಿದ.

"ಇಷ್ಟೆಲ್ಲಾ ಯಾಕ್ ಮಾಡಕ್ ಹೋದೆ?"

"ಮತ್ತೆ? ನಾನು ಬಂದಾಗೆಲ್ಲಾ ಬೈಕೋತಾ, ಗಡಿಯಾರ ನೋಡ್ಕೋತಾ ನಿಂತಿರ್ತಿದ್ಯಲ್ಲ. ನನ್ನಿಂದ ನಿಂಗೆ ತೊಂದ್ರೆ ಅನ್ನಿಸ್ತು ಮಾರಾಯ. ಇನ್ಮೇಲೆ ಹಿಂಗೆ ಬಂದು ಹಂಗೆ ಹೋಗ್ತೀನಿ."

ನನ್ನ ಹೆಗಲು ತಟ್ಟಿ, ಜಗ್ಗಿಗೆ ಮುಚ್ಚಳ ತಿರುಪಿದ. ಕುರ್ಚಿ ಇಟ್ಟಲ್ಲೇ ಇತ್ತು. ಓವನ್ನಿನೊಳಗೆ ಪೇಸ್ಟಿ ಬಿಸಿಯಾಗುತ್ತಿತ್ತು. ನಾನು "ಥ್ಯಾಂಕ್ಸ್ ಕಣೋ" ಎಂದೆ. ಅದೊಂದನ್ನೇ ಎಂದೆ.

ಅವನ ಗಾಡಿ ತಿರುವು ದಾಟುವವರೆಗೂ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ಇಂಜಿನ್ನಿನ ಸದ್ದು ಪೂರ್ತಿ ಅಡಗಿದ ಮೇಲೆ, "ಕೂತ್ಕೋ ಡಾರ್ಸಿ, ಸುಮ್ನೆ ಕೂತ್ಕೋ" ಎಂದು ಗಟ್ಟಿಯಾಗಿಯೇ ಹೇಳಿದೆ.