ತೊಳೆದು ಒಯ್ದ ಕಾರು

ಕೆಡುವ ಕಾರು ಮನೆಯ ಮುಂದೆ ಕೆಡಬಾರದೇ? ಅದು ನಿಂತದ್ದು ಹೆರಿಗೆ ಆಸ್ಪತ್ರೆಯ ಏರುರಸ್ತೆಯ ಅರ್ಧದಾರಿಯಲ್ಲಿ. ಹಿಂದೆ ಸೀಟು ಮಡಚಿ ತುಂಬಿದ್ದ ಹಾಸುಬಟ್ಟೆಗಳ ಗಂಟುಗಳು. ಪಕ್ಕದ ಸೀಟಿನಲ್ಲಿ ಅತ್ತೆ. ಸ್ಟಿಯರಿಂಗ್ ಹಿಡಿದು ಕೂತವಳು ಸೊಸೆ. ಎಂಜಿನ್ ಕಾವು ತೋರಿಸುವ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗಿತ್ತು. ಅದನ್ನು ಕಂಡ ಕೂಡಲೇ ಸೊಸೆ ಬದಿಗೆ ಸರಿಸಿ ಎಂಜಿನ್ ಆರಿಸಿದಳು. ಹಿಂದಿದ್ದ ಬಸ್ಸಿನವನು ಹಾರನ್ ಮೇಲಿಟ್ಟ ಕೈ ತೆಗೆಯಲೇ ಇಲ್ಲ.

“ಮತ್ತೆ ಹಠ ಹಿಡೀತಾ?” ಅಂದರು ಅತ್ತೆ.

“ಹಠ ಅಲ್ಲ ಅತ್ತೆ, ಜ್ವರ. ಮುಳ್ಳು ನೋಡಿ.”

“ಇನ್ನೂ ವಾರಂಟಿ ಮುಗಿದಿಲ್ಲ, ಅದಕ್ಕೆಂಥ ಜ್ವರ! ನನಗೆ ಬರಬೇಕು ಜ್ವರ, ಈ ವಯಸ್ಸಲ್ಲಿ.”

ಇಬ್ಬರೂ ಗಂಟುಗಳನ್ನು ಹೆಗಲಿಗೇರಿಸಿ ಏರು ಹತ್ತಿದರು. ಆಸ್ಪತ್ರೆಯ ದೊಡ್ಡ ನರ್ಸ್ ಬಾಗಿಲಲ್ಲೇ ನಿಂತಿದ್ದರು. ಕೂಗಾಡುವ ಹೆಂಗಸಲ್ಲ ಅವರು. ಅದಕ್ಕೇ ಅವರ ಮಾತು ಇನ್ನಷ್ಟು ಚುಚ್ಚಿತು.

“ಹಾಸೋಕೆ ಬಟ್ಟೆ ಇಲ್ಲದೆ ಬಾಣಂತಿನ ಕುರ್ಚಿ ಮೇಲೆ ಕೂರಿಸಿದ್ದೀನಿ ಕಣಮ್ಮ. ನಿಮ್ಮಷ್ಟು ಚೆನ್ನಾಗಿ ಯಾರೂ ಒಗೆಯಲ್ಲ, ಅದು ನನಗೆ ಗೊತ್ತು. ಆದ್ರೆ ಇನ್ನೊಂದ್ಸಲ ಹೀಗಾದ್ರೆ ಈ ಕೆಲಸ ಬೇರೆಯವರಿಗೆ ಕೊಡಬೇಕಾಗತ್ತೆ.”

ಅತ್ತೆ ಸೊಸೆಯರ ಲಾಂಡ್ರಿ ನಿಂತಿರುವುದೇ ಆಸ್ಪತ್ರೆಯ ಬಟ್ಟೆಗಳ ಮೇಲೆ. ಬೀದಿಯವರ ಅಂಗಿ, ಪರದೆ ಎಲ್ಲಾ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಶೋರೂಮಿಗೆ ಅವರು ಹೋಗಿರಲಿಲ್ಲ ಅಂತಲ್ಲ. ಎರಡು ಸಲ ಹೋಗಿದ್ದರು. ಎರಡು ಸಲವೂ “ಎಲ್ಲಾ ಸರಿಯಿದೆ” ಅನ್ನಿಸಿಕೊಂಡು ಬಂದಿದ್ದರು. ಹೋಗುವ ಹಿಂದಿನ ದಿನ ಸೊಸೆಯ ಗಂಡ ಕಾರನ್ನು ನೊರೆ ಹಚ್ಚಿ ತೊಳೆಯುತ್ತಿದ್ದ. ಬಾನೆಟ್ ಒಳಗೆ ತೊಟ್ಟಿಕ್ಕಿದ್ದ, ಎಂಜಿನ್ ತಂಪಾಗಿಡುವ ಹಸಿರು ದ್ರವದ ಕಲೆಯನ್ನು ತಿಕ್ಕಿ ತಿಕ್ಕಿ ತೆಗೆಯುತ್ತಿದ್ದ. ಅತ್ತೆ ಗಾಜು ಒರೆಸಿ, ಸೀಟಿನ ಕೆಳಗಿನ ದಾರದ ತುಂಡುಗಳನ್ನೂ ಆರಿಸುತ್ತಿದ್ದರು. ನೆಂಟರ ಮನೆಗೆ ಮಗುವನ್ನು ತಲೆ ಬಾಚಿ ಕರೆದೊಯ್ದ ಹಾಗೆ, ಬೆಳಗಿನ ತಂಪಿನಲ್ಲಿ ಖಾಲಿ ಕಾರನ್ನು ಮೆಲ್ಲಗೆ ಓಡಿಸಿಕೊಂಡು ಹೋಗುತ್ತಿದ್ದರು. ಕಾರೂ ಒಳ್ಳೆಯ ಮಗುವಿನಂತೆ ಗಪ್‌ಚಿಪ್ ಇರುತ್ತಿತ್ತು.

ಆ ಮಧ್ಯಾಹ್ನ ಅಂಗಡಿಯಲ್ಲಿ ಗಂಡ ಇಸ್ತ್ರಿ ಒತ್ತುತ್ತಲೇ ಹೇಳಿದ: “ಸಾಕಾಯ್ತು. ಮೂಲೆ ಗ್ಯಾರೇಜಿನವನು ಬಿಚ್ಚಿ ನೋಡ್ತೀನಿ ಅಂತಿದ್ದಾನೆ. ನಾಳೆ ಅವನಿಗೇ ಕೊಟ್ಟುಬಿಡೋಣ.”

“ವಾರಂಟಿ ಈ ತಿಂಗಳ ಕೊನೆವರೆಗೂ ಇದೆಯಲ್ರೀ.”

“ಇದ್ದು ಏನು ಮಾಡೋದು? ಕಾರು ಮಾಡಿದವರೇ ಕಾರಿನ ತಪ್ಪು ಒಪ್ಕೋತಾರಾ? ಯಾವ ಸೌತೆಕಾಯಿ ಮಾರೋನು ನಂದು ಕಹಿ ಅಂತಾನೆ?”

ಅಷ್ಟರಲ್ಲಿ ಅಂಗಡಿಗೆ ಬಂದವಳು ಕ್ಲಚ್ಚಕ್ಕ. ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವಳು. ದಿನವಿಡೀ “ಕ್ಲಚ್ಚು, ಕ್ಲಚ್ಚು” ಅಂತ ಕೂಗಿ ಕೂಗಿ ಅವಳಿಗೆ ಆ ಹೆಸರೇ ಅಂಟಿಕೊಂಡಿತ್ತು. ಸೊಸೆಗೆ ಕಾರು ಕಲಿಸಿದ್ದೂ ಅವಳೇ. ಕೈಯಲ್ಲಿ ಗ್ರೀಸ್ ಮೆತ್ತಿದ ಅಂಗಿಯಿತ್ತು.

“ತಗೋಮ್ಮ. ನೀರೂ ಸೋಕಿಸಿಲ್ಲ, ಉಪ್ಪೂ ಉಜ್ಜಿಲ್ಲ. ಉಜ್ಜಿದ್ರೆ ನೀನು ಬೈತೀಯ ಅಂತ ಹಾಗೇ ತಂದಿದ್ದೀನಿ.”

“ಬೈಯದೆ ಇನ್ನೇನಕ್ಕ? ಎಲ್ಲರೂ ಮನೇಲಿ ಏನೇನೋ ಉಜ್ಜಿ, ಅರ್ಧ ಕಲೆ ತೆಗೆದು ತರ್ತಾರೆ. ಏನು ಕಲೆ ಅಂತಾನೇ ಗೊತ್ತಾಗಲ್ಲ ನಮಗೆ,” ಅಂದ ಸೊಸೆ, ಬೆಳಗಿನಿಂದ ತಡೆದುಕೊಂಡಿದ್ದನ್ನೆಲ್ಲ ಅವಳ ಮುಂದೆ ಸುರಿದಳು. ಏರು, ಮುಳ್ಳು, ನರ್ಸ್, ಶೋರೂಮು, ತೊಳೆದದ್ದು, ಒರೆಸಿದ್ದು.

ಕ್ಲಚ್ಚಕ್ಕ ಕೌಂಟರಿಗೆ ಒರಗಿ ನಕ್ಕೇ ನಕ್ಕಳು.

“ಅಯ್ಯೋ ಪುಣ್ಯಾತ್ಗಿತ್ತಿ! ನನ್ನ ಅಂಗಿಗೊಂದು ನ್ಯಾಯ, ನಿನ್ನ ಕಾರಿಗೊಂದು ನ್ಯಾಯನಾ? ಕಲೆ ತೊಳೆದುಬಿಟ್ಟು ‘ಕಲೆ ನೋಡಿ’ ಅಂದ್ರೆ ಅವರಿಗೆ ಎಲ್ಲಿಂದ ಕಾಣಬೇಕು?”

ಇಸ್ತ್ರಿ ಅಲ್ಲಾಡದೆ ನಿಂತಿತು. ಬಟ್ಟೆಯ ಮೇಲಿಂದ ಹೊಗೆ ಬಂದಾಗಲೇ ಗಂಡ ಅದನ್ನು ಎತ್ತಿದ್ದು.

“ಮೊದಲು ಒಂದು ಮಾತು ಕೇಳ್ತೀನಿ,” ಅಂದಳು ಕ್ಲಚ್ಚಕ್ಕ. “ಸರ್ವಿಸ್ ಎಲ್ಲಾ ಹೊತ್ತಿಗೆ ಸರಿಯಾಗಿ ಮಾಡಿಸಿದ್ದೀರಾ? ಬಿಲ್ ಇದೆಯಾ?”

“ಒಂದೂ ಬಿಟ್ಟಿಲ್ಲ. ಬಿಲ್ ಕಾರಲ್ಲೇ ಇವೆ.”

“ಮತ್ಯಾಕೆ ಭಯ? ಟೈರು, ಬ್ರೇಕ್ ಪ್ಯಾಡು, ವೈಪರು, ಇಂಥ ಸವೆಯೋ ಸಾಮಾನಿಗೆ ಸಾಮಾನ್ಯವಾಗಿ ವಾರಂಟಿ ಬರಲ್ಲ. ಆದ್ರೆ ನಾವು ನೆಟ್ಟಗೆ ನೋಡ್ಕೊಂಡೂ ಒಳಗಿನ ಭಾಗ ತಾನಾಗೇ ಕೈಕೊಟ್ರೆ, ಅದು ಅವರ ಜವಾಬ್ದಾರಿ. ಗ್ಯಾರೇಜಿನವನು ಒಳ್ಳೆಯವನೇ ಇರಬಹುದಪ್ಪ. ಆದ್ರೆ ಅವನು ಬಿಚ್ಚಿದ ಮೇಲೆ ಶೋರೂಮಿನವರು ‘ನೀವೇ ಬಿಚ್ಚಿ ಕೆಡಿಸಿದ್ದು’ ಅಂದ್ರೆ ಏನು ಹೇಳ್ತೀಯ?”

“ಅವರು ಮೂರನೇ ಸಲವೂ ಸರಿಯಿದೆ ಅಂದ್ರೆ?” ಗಂಡ ಪಟ್ಟು ಬಿಡಲಿಲ್ಲ.

“ಕೆಡೋ ಹೊತ್ತಲ್ಲಿ, ಕೆಡೋ ಹಾಗೆ ತಗೊಂಡು ಹೋಗಿ. ಮಧ್ಯಾಹ್ನದ ಬಿಸಿಲಲ್ಲಿ, ಗಂಟುಗಳ ಸಮೇತ. ಮೊದಲೇ ಫೋನ್ ಮಾಡಿ, ‘ನಿಮ್ಮ ಮೆಕ್ಯಾನಿಕ್ ನಮ್ಮ ಜೊತೆ ಕೂತು ಬರಬೇಕು’ ಅನ್ನಿ. ಆದ್ರೆ ಮುಳ್ಳು ಮೇಲೆ ಹೋಗ್ತಿದ್ದ ಹಾಗೆ ನಿಲ್ಲಿಸಬೇಕು. ತೋರಿಸೋ ಹುರುಪಲ್ಲಿ ಎಂಜಿನ್ ಸುಟ್ಕೋಬೇಡಿ. ಅಳದಿದ್ರೆ ಹೆತ್ತ ತಾಯೂ ಹಾಲು ಕೊಡಲ್ಲ ಕಣಪ್ಪ, ಶೋರೂಮಿನವರು ಕೊಡ್ತಾರಾ?”

ಮರುದಿನ ಮಧ್ಯಾಹ್ನ ಮೂವರೂ ಹೊರಟರು. ಕಾರಿನ ಮೈಮೇಲೆ ವಾರದ ಧೂಳು, ಬಾನೆಟ್ ಒಳಗೆ ಹಸಿರು ಕಲೆ, ಹಿಂದೆ ಗಂಟುಗಳು. ಅವುಗಳ ಸಂದಿಯಲ್ಲಿ ಮುದುಡಿ ಕೂತ ಅತ್ತೆ ಕಿಟಕಿಯಿಂದ ಮುಖ ತಪ್ಪಿಸಿದರು.

“ಗಿರಾಕಿಗಳ ಕಣ್ಣಿಗೆ ಬಿದ್ರೆ ಮುಗೀತು. ಲಾಂಡ್ರಿಯವರ ಕಾರೇ ಹೀಗಿದ್ರೆ ನಮ್ಮ ಬಟ್ಟೆ ಗತಿಯೇನು ಅಂತಾರೆ!”

ಶೋರೂಮಿನ ಸರ್ವಿಸ್ ಕೌಂಟರಿನವನು ವಿನಯದ ಹುಡುಗ. ಆದರೆ ಅವನ ಹಿಂದೆ ಮುಂದೆ ಜನವೋ ಜನ. ಜಾಬ್ ಕಾರ್ಡಿನಲ್ಲಿ, ಅಂದರೆ ಕಾರು ಒಪ್ಪಿಸುವಾಗ ದೂರು ಬರೆಯುವ ಹಾಳೆಯಲ್ಲಿ, ಅವನು “ಸಾಮಾನ್ಯ ತಪಾಸಣೆ” ಅಂತ ಬರೆದು ಸಹಿಗೆ ಮುಂದೆ ಸರಿಸಿದ. ಹಿಂದಿನ ಎರಡು ಸಲವೂ ಸೊಸೆ ಇಂಥದಕ್ಕೇ ಓದದೆ ಸಹಿ ಹಾಕಿದ್ದಳು. ಈ ಸಲ ಅವಳು ಓದಿದಳು. ಇಷ್ಟು ಸಣ್ಣದಕ್ಕೆ ತಕರಾರು ತೆಗೆದರೆ ಏನಂದುಕೊಳ್ಳುತ್ತಾರೋ! ಆದರೂ ಪೆನ್ನು ಕೆಳಗಿಟ್ಟಳು.

“ಬೇಜಾರು ಮಾಡ್ಕೋಬೇಡಿ. ನಾನು ಹೇಳಿದ್ದನ್ನ ಹಾಗೇ ಬರೀತೀರಾ? ‘ಭಾರ ತುಂಬಿ, ಬಿಸಿಲಲ್ಲಿ ನಿಧಾನ ಹೋಗುವಾಗ ಕಾವು ಏರುತ್ತೆ. ಎರಡು ಸಲ ತೋರಿಸಿದರೂ ಸರಿಯಾಗಿಲ್ಲ.’ ಇಷ್ಟೇ.”

ಹುಡುಗ ಅವಳ ಮುಖ ನೋಡಿದ. “ಬರೀತೀನಿ ಮೇಡಂ. ನೀವು ಹೀಗೆ ಹೇಳಿದ್ರೇ ನಮಗೂ ಸುಲಭ.”

“ಇನ್ನೊಂದು ವಿಷಯ,” ಅಂದಳು ಸೊಸೆ. ಗಂಡ ಮೊಣಕೈಯಿಂದ ತಿವಿದ. ಅವಳು ನಿಲ್ಲಿಸಲಿಲ್ಲ. “ದಾರಿಯಲ್ಲಿ ನಿಂತಾಗ, ಎಂಜಿನ್ ತಣ್ಣಗಾದ ಮೇಲೆ, ಹಸಿರು ದ್ರವದ ಬದಲು ಬರೀ ನೀರು ತುಂಬಿಸಿದ್ವಿ. ತಪ್ಪಾಗಿದ್ರೆ ತಪ್ಪು. ಅದನ್ನೂ ಬರ್ಕೊಳ್ಳಿ.”

ಬರೆದ ಹಾಳೆಯನ್ನು ಓದಿ ಸಹಿ ಹಾಕಿ, ಒಂದು ಪ್ರತಿ ಕೇಳಿ ಪಡೆದಳು.

ನಡುವಯಸ್ಸಿನ ಮೆಕ್ಯಾನಿಕ್ ಒಬ್ಬರು ಬಂದು ಮುಂದಿನ ಸೀಟಿನಲ್ಲಿ ಕೂತರು. ಗಂಡ ಇಳಿದು ಜಾಗ ಕೊಟ್ಟ. ಅತ್ತೆ ಮಾತ್ರ ಇಳಿಯಲಿಲ್ಲ. “ನಾನಿಲ್ಲದೆ ಇದು ಕೆಡಲ್ಲಪ್ಪ. ಕೆಟ್ಟಾಗೆಲ್ಲ ನಾನಿದ್ದೆ.”

ಕಾರು ಹೊರಟಿತು. ಚಂದವಾಗಿ ಹೊರಟಿತು. ಒಂದು ಸುತ್ತು, ಎರಡು ಸುತ್ತು. ಮುಳ್ಳು ಬೆಣ್ಣೆಯಲ್ಲಿ ಚುಚ್ಚಿಟ್ಟ ಹಾಗೆ ಅಲ್ಲೇ ನಿಂತಿತ್ತು. ಇವತ್ತೂ ಇದು ಸುಮ್ಮನಿದ್ದುಬಿಟ್ಟರೆ ಎಲ್ಲ ಮುಗಿಯಿತು: ವಾರಂಟಿ, ಆಸ್ಪತ್ರೆಯ ಕೆಲಸ, ಎಲ್ಲ. ಜೀವನದಲ್ಲಿ ಮೊದಲ ಸಲ ಸೊಸೆ ‘ದೇವರೇ, ಈ ಕಾರು ಕೆಡಲಿ’ ಅಂತ ಬೇಡಿಕೊಂಡಳು.

ಮಾರುಕಟ್ಟೆಯ ಬೀದಿಯಲ್ಲಿ ವಾಹನಗಳ ಸಾಲು ಆಮೆಯ ಹಾಗೆ ತೆವಳುತ್ತಿತ್ತು. ಮುಳ್ಳು ಒಂದು ಕೂದಲೆಳೆ ಮೇಲೆದ್ದಿತು. ಮತ್ತೊಂದು ಕೂದಲೆಳೆ.

“ಬದಿಗೆ ತಗೊಳ್ಳಿ. ಎಂಜಿನ್ ಈಗಲೇ ಆರಿಸಬೇಡಿ, ಒಂದು ಗಳಿಗೆ,” ಅಂದರು ಮೆಕ್ಯಾನಿಕ್. ಇಳಿದು ಬಾನೆಟ್ ಎತ್ತಿ ಇಣುಕಿದರು. “ಹಾಂ, ಸಿಕ್ತು! ಈಗ ಆರಿಸಿ. ಇಷ್ಟು ಕಾವಿಗೆ ಮುಂದಿನ ಫ್ಯಾನು ಗಿರಗಿರ ತಿರುಗಬೇಕಿತ್ತು. ನೋಡಿ, ನಿದ್ದೆ ಹೊಡೀತಿದೆ. ಕಾವು ಏರಿ ದ್ರವ ಉಕ್ಕಿದ್ದಕ್ಕೇ ಈ ಹಸಿರು ಕಲೆ. ತಂಪಿದ್ದಾಗ ಫ್ಯಾನು ತಿರುಗೋ ಅಗತ್ಯಾನೇ ಇರಲ್ಲ. ಅದಕ್ಕೇ ಹಿಂದೆ ನೀವು ಬೆಳಿಗ್ಗೆ ತಂದಾಗ ನಮಗೆ ಗೊತ್ತಾಗ್ಲಿಲ್ಲ.”

“ಕೆಡ್ತಾ? ನಿಜವಾಗ್ಲೂ ಕೆಡ್ತಾ?” ಅತ್ತೆ ಗಂಟುಗಳ ನಡುವಿನಿಂದ ಚಪ್ಪಾಳೆ ತಟ್ಟಿದರು. ದಾರಿಹೋಕರು ತಿರುಗಿ ನೋಡಿದರು. ಕಾರು ಕೆಟ್ಟದ್ದಕ್ಕೆ ಚಪ್ಪಾಳೆ ತಟ್ಟುವ ಮುದುಕಿಯನ್ನು ಅವರು ಕಂಡಿರಲಿಲ್ಲ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಶೋರೂಮಿಗೆ ವಾಪಸಾದರು. ಫ್ಯಾನಿನ ಮೋಟಾರು ವಾರಂಟಿಯಲ್ಲೇ ಬದಲಾಗುತ್ತದೆ ಎಂದಾಯಿತು. ನೀರು ಬೆರೆತ ಹಸಿರು ದ್ರವವನ್ನು, ಅಂದರೆ ಕೂಲೆಂಟನ್ನು, ಬದಲಿಸುವ ಖರ್ಚು ಮಾತ್ರ ಇವರದು. ಅದನ್ನು ಹುಡುಗ ಮೊದಲೇ ಬಿಡಿಸಿ ಹೇಳಿದ. ಇವರು ಒಪ್ಪಿದರು.

ಬಿಡಿಭಾಗ ಬರುವವರೆಗೆ ಕಾರು ಅಲ್ಲೇ ಇರಬೇಕು. ಹಾಗಾದರೆ ಆಸ್ಪತ್ರೆಯ ಬಟ್ಟೆ? ಸೊಸೆ ಬಾಯಿ ಬಿಡುವ ಮೊದಲೇ ಕ್ಲಚ್ಚಕ್ಕನ ಫೋನು ಬಂತು. ಮರುದಿನ ಬೆಳಿಗ್ಗೆ ಹಾಸುಬಟ್ಟೆಗಳು ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಏರು ಹತ್ತಿದವು, ಹೇಳಿದ ಹೊತ್ತಿಗಿಂತ ಮೊದಲೇ. “ಬಟ್ಟೆನೂ ಡ್ರೈವಿಂಗ್ ಕಲೀತಾ ಇದೆಯಾ?” ಅಂತ ದೊಡ್ಡ ನರ್ಸ್ ನಕ್ಕರು. ನಕ್ಕು, ಮುಂದಿನ ವಾರದ ಗಂಟುಗಳನ್ನೂ ಇವರ ಕೈಗೇ ಕೊಟ್ಟರು. ಸೊಸೆಯ ಕಣ್ಣು ತುಂಬಿ ಬಂತು. “ನಿಮಗೆ ಹೇಗೆ ಥ್ಯಾಂಕ್ಸ್ ಹೇಳ್ಲಿ ಅಕ್ಕ?” ಅಂದರೆ ಕ್ಲಚ್ಚಕ್ಕ, “ಗೇರ್ ಹಾಕೋವಾಗ ಕಣ್ಣೀರು ಬೇಡ ತಾಯಿ, ಕ್ಲಚ್ಚು ಒತ್ತು,” ಅಂದಳು.

ಕಾರು ಸಿದ್ಧವಾದ ದಿನ ಯಾವ ಭಾಗ ಬದಲಾಯಿತು ಅನ್ನುವುದನ್ನು ಬಿಲ್ಲಿನಲ್ಲಿ ಓದಿ, ಭಾರ ತುಂಬಿ ಮೆಕ್ಯಾನಿಕ್ ಜೊತೆ ಇನ್ನೊಂದು ಸುತ್ತು ಹೋಗಿಬಂದು, ಆಮೇಲೆಯೇ ಸೊಸೆ ಸಹಿ ಹಾಕಿದಳು. ಅತ್ತೆ ಮೆಕ್ಯಾನಿಕ್‌ನ ಎರಡೂ ಕೈ ಹಿಡಿದುಕೊಂಡರು.

“ನಮ್ಮ ಅನ್ನ ಉಳಿಸಿದೆ ಮಗನೇ.”

“ನಾನೇನು ಮಾಡ್ದೆ ಅಮ್ಮ? ನಿಮ್ಮ ಸೊಸೆ ಪ್ರತಿ ಸಲವೂ ಮುಳ್ಳು ನೋಡಿ ನಿಲ್ಲಿಸಿದ್ರಲ್ಲ, ಅದು ದೊಡ್ಡದು. ಹಾಗೇ ಓಡಿಸಿದ್ರೆ ಎಂಜಿನ್ನೇ ಹೋಗಿರೋದು. ಆಗ ವಾರಂಟಿ ಸಿಗೋದೂ ಕಷ್ಟ ಆಗ್ತಿತ್ತು.”

ಮನೆಗೆ ಹೊರಡುವಾಗ ಗಂಡ ಬೀಗದ ಕೈಯನ್ನು ಹೆಂಡತಿಯ ಕೈಗಿಟ್ಟು, “ಶೋರೂಮಿನ ವ್ಯವಹಾರ ಇನ್ಮೇಲೆ ನಿಂದೇ. ನನಗೆ ಬರೀ ಒರೆಸೋಕೆ ಬರತ್ತೆ,” ಅಂದ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಎಲ್ಲ ಕಂಪನಿಯ ವಾರಂಟಿಯೂ ಒಂದೇ ಥರ ಇರುವುದಿಲ್ಲ. ಆದ್ದರಿಂದ ಈ ಕಥೆಯನ್ನೊಂದೇ ನಂಬಿ ಕೂರಬೇಡಿ. ನಿಮ್ಮ ಕಾರಿನ ಜೊತೆ ಬಂದ ವಾರಂಟಿ ಪುಸ್ತಕವನ್ನು ಒಮ್ಮೆ ಓದಿ. ಅರ್ಥವಾಗದಿದ್ದರೆ ಕೇಳಿ, ಕೇಳುವುದಕ್ಕೆ ನಾಚಿಕೆ ಬೇಡ. ದೋಷ ಕಂಡ ದಿನವೇ ದೂರು ಕೊಡಿ, ವಾರಂಟಿ ಮುಗಿಯುವ ಮೊದಲೇ ಅದು ಬರಹದಲ್ಲಿರಲಿ. ಶೋರೂಮಿನವರು ಆಗುವುದಿಲ್ಲ ಅಂದರೆ, ಯಾಕೆ ಆಗುವುದಿಲ್ಲ ಅನ್ನುವುದನ್ನೂ ಬರೆದುಕೊಡಲು ಹೇಳಿ. ಅದನ್ನು ಹಿಡಿದು ಕಂಪನಿಯ ಗ್ರಾಹಕ ವಿಭಾಗಕ್ಕೆ ಹೋಗಬಹುದು, ಅಲ್ಲೂ ಆಗದಿದ್ದರೆ ಗ್ರಾಹಕರ ದೂರು ಕೇಳುವ ಕಚೇರಿಗೆ ಹೋಗಬಹುದು. ಜಗಳ ಬೇಕಿಲ್ಲ, ಮೆತ್ತಗೆ ಹೇಳಿದರೂ ಸಾಕು, ಬಿಡದೆ ಹೇಳಬೇಕು. ಸರಿ ಮಾಡಿಕೊಟ್ಟವರಿಗೆ ಒಂದು ಒಳ್ಳೆಯ ಮಾತು ಹೇಳುವುದನ್ನು ಮರೆಯಬೇಡಿ.

ನಿಮ್ಮ ಕಾರಿನ ವಾರಂಟಿ ಯಾವ ತಾರೀಕಿಗೆ ಮುಗಿಯುತ್ತದೆ? ಥಟ್ಟನೆ ಹೇಳಲು ಬರಲಿಲ್ಲವೇ? ಹಾಗಾದರೆ ಈ ಹಾಳೆ ಕೆಳಗಿಡಿ, ಈಗಲೇ ಎದ್ದು ಹೋಗಿ ನೋಡಿ.