ಕೇತುವರ್ಮನಿಗಾಗಿ ಬಿಟ್ಟ ಜಡೆ

ನಾನು ಕಂಡಕ್ಟರಾಗಿದ್ದ ಬಸ್ಸು ಶ್ರೀರಂಗಪಟ್ಟಣದ ಸೇತುವೆಗೆ ಬಂದರೆ ಕಾವೇರಿ ಹರಿಯುವುದನ್ನು ನಿಲ್ಲಿಸಿ ಒಮ್ಮೆ ತಲೆಯೆತ್ತಿ ನೋಡಿ ಮುಂದೆ ಹೋಗುತ್ತಿದ್ದಳು. ನಂಬದಿದ್ದರೆ ಬಿಡಿ. ಹೊಣಕೆರೆಯಿಂದ ನಾಗಮಂಗಲ, ಕೆ.ಆರ್.ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಎಂದು ದಿನವೂ ತಿರುಗುತ್ತಿದ್ದ ಆ ಖಾಸಗಿ ಬಸ್ಸಿನ ಮೇಲೆ ಕುರಿ, ಒಳಗೆ ಜನ, ನನ್ನ ಸೀಟಿನ ಕೆಳಗೆ ‘ಕರಿಗಲ್ಲ ಕಿರೀಟ’ದ ಐದು ಭಾಗಗಳು.

ಆ ಕಾದಂಬರಿಯ ವಿಷಯ ಹೇಳಿಬಿಡುತ್ತೇನೆ. ಮಾಟಗಾತಿಯರು, ಮಾತಾಡುವ ಹದ್ದುಗಳು, ಮುಟ್ಟಿದವರನ್ನು ಕಲ್ಲು ಮಾಡುವ ಕಿರೀಟ, ಇಷ್ಟರ ನಡುವೆ ಕೇತುವರ್ಮನೆಂಬ ರಾಜಕುಮಾರ. ಐದನೆಯ ಭಾಗದ ಕೊನೆಯ ಪುಟದಲ್ಲಿ ಅವನು ತಾನು ಮದುವೆಯಾಗಬೇಕಿದ್ದ ನೀಲಜ್ವಾಲೆಯ ಜೊತೆ ಕಮರಿಯ ಅಂಚಿನಲ್ಲಿ ನಿಂತಿದ್ದ. ‘ನೀಲಜ್ವಾಲೆಯ ಕೈ ಮುಂದೆ ಬಂತು. ಬಳೆಗಳು ಚೂರಾಗಿ ಬಂಡೆಯ ಮೇಲೆ ಉದುರಿದವು. ಕೇತುವರ್ಮ ಕತ್ತಲೆಗೆ ಬಿದ್ದ.’ ಅಲ್ಲಿಗೆ ನಿಂತಿತು. ಆರನೆಯ ಭಾಗ ಬರುವ ದೀಪಾವಳಿಗೆ ಎಂದು ಹಿಂದಿನ ಹೊದಿಕೆಯಲ್ಲಿ ಅಚ್ಚಾಗಿತ್ತು. ದೀಪಾವಳಿಗಳು ಬಂದವು, ಹೋದವು. ಬರೆದವನು ಸತ್ತನೋ, ಸನ್ಯಾಸಿಯಾದನೋ, ತಾನೇ ಕಿರೀಟ ಮುಟ್ಟಿ ಕಲ್ಲಾದನೋ ಯಾರಿಗೂ ಗೊತ್ತಿಲ್ಲ.

ನಾಲ್ಕು ತಾಲ್ಲೂಕಿಗೂ ಸೇರಿ ಇದ್ದದ್ದು ಅದೊಂದೇ ಸೆಟ್ಟು, ಅದು ನನ್ನದು. ಓದಿದವರು ಎಷ್ಟು ಜನ ಎಂದರೆ, ಎಲ್ಲರೂ ಒಟ್ಟಿಗೆ ಓಟು ಹಾಕಿದ್ದರೆ ನಾನು ಎಂ.ಎಲ್.ಎ. ಆಗುತ್ತಿದ್ದೆ. ಪುಸ್ತಕದ ಜೊತೆ ಅವರ ವಾದಗಳನ್ನೂ ನಾನೇ ಸಾಗಿಸುತ್ತಿದ್ದೆ. ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಲೋಕೇಶ ಬಸ್ಸಿನ ಕಿಟಕಿಗೆ ಜೋತುಬಿದ್ದು ಹೇಳುತ್ತಿದ್ದ: “ಲೇ ಶಂಕ್ರ, ಕೆ.ಆರ್.ಪೇಟೆ ಅಕ್ಕಂಗೆ ಯೋಳು. ಕವಚ, ಕತ್ತಿ, ಗುರಾಣಿ ಅಷ್ಟೂ ತೂಕ ಒತ್ಕೊಂಡು ಬಿದ್ದೋನು ಬದುಕ್ತಾನಾ? ಅವ್ಳು ನೂಕಿದ ಏಟ್ಗೆ ಬಳೆ ಬ್ಯಾರೆ ಒಡೆದೋಯ್ತು. ಬಳೆ ಒಡೀತು ಅಂದ್ಮೇಲೆ ಗಂಡು ಹೋದ ಅಂತ್ಲೇ ಲೆಕ್ಕ.”

ಕೆ.ಆರ್.ಪೇಟೆಯ ಹಾಲಿನ ಡೈರಿಯ ಪಾರ್ವತಮ್ಮನ ಉತ್ತರ ಮಾರನೆಯ ದಿನವೇ ಬರುತ್ತಿತ್ತು: “ಆ ತಕ್ಕಡಿ ಮುಂಡೇದಕ್ಕೆ ಯೋಳಪ್ಪ, ಎರಡನೇ ಭಾಗದಾಗೆ ಹದ್ದು ಮಾತು ಕೊಟ್ಟೈತೆ. ಕಮರಿ ಒಳಗೆ ಹದ್ದು ಕಾಯ್ಕೊಂಡು ಕೂತೈತೆ ಅಂತ.” ನಾನು ದಾರಿಯಲ್ಲಿ ಒಂದು ಹದ್ದನ್ನು ಹನ್ನೆರಡು ಮಾಡಿ ತಲುಪಿಸುತ್ತಿದ್ದೆ. ಖಾಲಿ ಮಾತು ಸಾಗಿಸುವುದು ನನ್ನ ಜಾಯಮಾನವಲ್ಲ.

ಇವರೆಲ್ಲ ಬಾಯಲ್ಲಿ ಹುಚ್ಚರು. ಹೊಣಕೆರೆಯ ದೇವರಾಜು ಮಾತ್ರ ತಲೆಯಲ್ಲಿ.

ದೇವರಾಜುವಿನದು ಹಿಟ್ಟಿನ ಮಿಲ್ಲು. ಐದನೆಯ ಭಾಗದ ಕೊನೆಯ ಪುಟವನ್ನು ಅವನು ಓದಿದ್ದು ನನ್ನ ಬಸ್ಸಿನಲ್ಲೇ. ಓದಿ ಮುಗಿಸಿ, ಎದ್ದು ನಿಂತು, ಡ್ರೈವರು ಬೆಚ್ಚಿ ಬ್ರೇಕು ಹಾಕುವಂತೆ ಕೂಗಿದ: “ಅಪ್ಪಾ ಮಾದಪ್ಪ! ಕೇತುವರ್ಮ ಜೀವಂತವಾಗಿ ಎದ್ದು ಬರ್ಲಿ, ನಿನ್ ಬೆಟ್ಟಕ್ಕೆ ಬಂದು ಮುಡಿ ಕೊಡ್ತೀನಿ!”

ಹರಕೆ ಹೊತ್ತ ತಲೆಗೆ ಕತ್ತರಿ ತಾಗಿಸುವಂತಿಲ್ಲ. ಆರನೆಯ ಭಾಗ ಬರಲಿಲ್ಲ, ಕೂದಲು ಬಂತು. ಕಿವಿ ಮುಚ್ಚಿತು, ಹೆಗಲು ದಾಟಿತು, ಬೆನ್ನಿಗಿಳಿಯಿತು. ಮಿಲ್ಲಿನ ಬೆಲ್ಟಿಗೆ ಸಿಕ್ಕೀತೆಂದು ಟವೆಲ್ಲು ಸುತ್ತಿದರೂ ಹಿಟ್ಟಿನ ಧೂಳು ಹೊಕ್ಕು ಮೂವತ್ತಕ್ಕೇ ಜಡೆ ಬೂದಿಬಣ್ಣವಾಯಿತು. ರಾಗಿ ಬೀಸಿಸಲು ಬಂದ ಮುದುಕಿಯರು ಅವನ ಕಾಲು ಮುಟ್ಟಿ, ಅವನ ಹೆಗಲ ಮೇಲಿನ ಹಿಟ್ಟನ್ನೇ ವಿಭೂತಿಯೆಂದು ಹಣೆಗೆ ಹಚ್ಚಿಕೊಂಡು ಹೋಗುತ್ತಿದ್ದರು. ಬಿಂಡಿಗನವಿಲೆಯಿಂದ ಒಬ್ಬ ಸಂತಾನ ಬೇಡಿಕೊಂಡು ಬಂದಿದ್ದ. ಅವನಿಗೆ ಅವಳಿ ಹುಟ್ಟಿತು. ತ್ರಿವಳಿ ಎಂದರೂ ತಪ್ಪಿಲ್ಲ.

ತೊಂಬತ್ತೇಳರಲ್ಲಿ ದೇವರಾಜುವಿಗೆ ಹೆಣ್ಣು ಗೊತ್ತಾಯಿತು. ಬಾಬುರಾಯನಕೊಪ್ಪಲಿನ ಚಿಕ್ಕಸ್ವಾಮಿಯ ಮಗಳು ಸಹನ. ನೋಡುವ ಶಾಸ್ತ್ರದ ದಿನ ಅವಳು ಕಾಫಿ ಲೋಟ ಹಿಡಿದು ಬಂದು, ಟವೆಲ್ಲಿನಿಂದ ಜಾರಿದ ಜಡೆಯನ್ನು ನೋಡಿ, ತುಟಿ ಕಚ್ಚಿ ಒಳಗೆ ಹೋದಳು. ದೇವರಾಜು ಆ ಹೊತ್ತಿನಿಂದ ಕೂತಲ್ಲಿ ಕೂರಲಿಲ್ಲ. ಅವನಿಗೆ ಹುಡುಗಿ ಹಿಡಿಸಿಬಿಟ್ಟಿದ್ದಳು.

ಚಿಕ್ಕಸ್ವಾಮಿ ಮಾತ್ರ ತನ್ನ ಒಪ್ಪವಾಗಿ ಕತ್ತರಿಸಿದ ಮೀಸೆ ತೀಡುತ್ತಾ ಹೇಳಿದ್ದ: “ಮಿಲ್ಲೈತೆ, ಜಮೀನೈತೆ, ಎಲ್ಲಾ ಸರಿ. ಜೋಗಯ್ಯಂಗೆ ಮಗಳು ಕೊಟ್ಟ ಅಂತ ನನ್ನ ಯಾರೂ ಅನ್ನಬಾರ್ದು. ಲಗ್ನಪತ್ರಿಕೆ ಅಚ್ಚು ಆಕ್ಸೋದ್ರೊಳಗೆ ತಲೆ ಬೋಳಿಸಿ. ಇಲ್ದಿದ್ರೆ ಸಂಬಂಧ ಇಲ್ಲ.”

ಮಾರನೆಯ ದಿನ ಅವರ ಮನೆಯಿಂದ ಕಾದಂಬರಿಯ ಐದೂ ಭಾಗಗಳನ್ನು ಕೇಳಿ ಕಳಿಸಿದರು. ಹುಡುಗನ ಹುಚ್ಚು ಎಷ್ಟರದ್ದೆಂದು ಚಿಕ್ಕಸ್ವಾಮಿ ಅಳೆಯಲಿದ್ದಾನೆ ಅಂದುಕೊಂಡು ಕೊಟ್ಟೆ. ಓದಿ ಹಿಂದಿರುಗಿಸಿದಾಗ ಪುಟಗಳಲ್ಲಿ ಅರಿಸಿನದ ಬೆರಳ ಗುರುತುಗಳಿದ್ದವು. ಅದನ್ನು ನಾನು ಗಮನಿಸಿದೆ. ನಾನು ಗಮನಿಸದೇ ಇರುವುದು ಈ ಜಿಲ್ಲೆಯಲ್ಲೇ ಇಲ್ಲ. ಅರ್ಥ ಮಾತ್ರ ಮಾಡಿಕೊಳ್ಳಲಿಲ್ಲ.

ಇತ್ತ ದೇವರಾಜು ಮಿಲ್ಲಿನಲ್ಲಿ ಅಡ್ಡಾಡುತ್ತಿದ್ದ, ಬಸ್‌ಸ್ಟ್ಯಾಂಡಿನಲ್ಲಿ ಅಡ್ಡಾಡುತ್ತಿದ್ದ, ಓಡುವ ಬಸ್ಸಿನಲ್ಲೂ ಮುಂದಿನ ಬಾಗಿಲಿಂದ ಹಿಂದಿನ ಬಾಗಿಲಿಗೆ ಅಡ್ಡಾಡುತ್ತಿದ್ದ.

“ಸುಮ್ಕೆ ಬೋಳಿಸ್ಕೊಳ್ಲಾ,” ಎಂದೆ.

“ಮಾದಪ್ಪಂಗೆ ಕೊಟ್ಟ ಮಾತು ಕಣ್ಲಾ. ಕೇತುವರ್ಮ ಕಮರೀಲಿ ಬಿದ್ದಿರೋವಾಗ ನಾನು ಕ್ರಾಪು ತಿದ್ಕೊಂಡು ಹಸೆ ಮಣೆ ಮ್ಯಾಲೆ ಕೂತ್ಕಳ್ಲಾ? ಅವ್ನು ಬಂದ ಅಂತಾದ್ರೂ ಯೋಳಿ, ಸತ್ತ ಅಂತಾದ್ರೂ ಯೋಳಿ. ಎರಡ್ರಾಗೆ ಒಂದು ಯೋಳಿ!”

ಸಂಕಟ ಇದ್ದದ್ದೇ ಅಲ್ಲಿ. ಬದುಕಿದ್ದರೆ ಬೆಟ್ಟಕ್ಕೆ ಹೋಗಿ ಮುಡಿ ಕೊಡಬಹುದು. ಸತ್ತಿದ್ದರೆ ಹರಕೆಯೇ ಬಿದ್ದುಹೋಗಿ ಊರಿನ ಕ್ಷೌರದಂಗಡಿಯೇ ಸಾಕು. ಎರಡೂ ಅಲ್ಲದಿದ್ದರೆ ಜಡೆ ಉಳಿಯುತ್ತದೆ, ಹುಡುಗಿ ಹೋಗುತ್ತಾಳೆ.

ಅವನ ತಾಯಿ ದೊಡ್ಡತಾಯಮ್ಮ ದಾರಿ ತೋರಿಸಿದಳು: “ಪುಸ್ತಕ ಬರ್ದೋನಿಗೇ ಗೊತ್ತಿಲ್ದಿದ್ರೆ ಬಸಪ್ಪನ್ನ ಕೇಳ್ರೋ.”

ಬಸಪ್ಪ ಎಂದರೆ ದೇವರ ಹೆಸರಿಗೆ ಬಿಟ್ಟ ಬಸವ. ನಮ್ಮ ಕಡೆ ಕಳುವಾದ ಒಡವೆಯಿಂದ ಹಿಡಿದು ಕೊಳವೆ ಬಾವಿಯ ಜಾಗದವರೆಗೆ ಎಲ್ಲವನ್ನೂ ಅದನ್ನೇ ಕೇಳುತ್ತಾರೆ. ಮುಂದೆ ಕೂತು ಅಂಗೈ ಚಾಚಿದವನ ಕೈಗೆ ಬಲಪಾದ ಇಟ್ಟರೆ ಹೌದು, ಮುಖ ತಿರುಗಿಸಿದರೆ ಇಲ್ಲ. ಪಾಂಡವಪುರದಿಂದ ಆಚೆ ಒಂದು ಊರಿನ ಬಸಪ್ಪನ ಮುಂದೆ ಒಂದು ಸೋಮವಾರ ಬೆಳಿಗ್ಗೆ ನಾವೆಲ್ಲ ಸೇರಿದೆವು. ದೇವರಾಜು ತಾಯಿಯ ಜೊತೆ ಬಂದ. ಲೋಕೇಶ ರಜೆ ಹಾಕಿ ಬಂದ. ಪಾರ್ವತಮ್ಮ ಬೆಳಗಿನ ಹಾಲು ಅಳೆದು ಬಂದಳು. ತೀರ್ಪು ತನ್ನ ಕಣ್ಣೆದುರೇ ಆಗಲೆಂದು ಚಿಕ್ಕಸ್ವಾಮಿ ಮಗಳನ್ನೂ ಕರೆದುಕೊಂಡು ಬಂದಿದ್ದ. ಜನ? ದಸರೆಗೆ ಮೈಸೂರಿನಲ್ಲಿ ಸೇರುವವರು ಅಂದು ಇಲ್ಲಿಗೆ ಬಂದು ಕುಂತಿದ್ದರು.

ಪೂಜಾರಿ ಕೇಳಿದ: “ಯಾರ ಇಚಾರ ಕೇಳ್ಬೇಕು? ಎಸ್ರು?”

“ಕೇತುವರ್ಮ.”

“ಯಾವೂರು?”

“ಕರಿಗಲ್ಲು ಸೀಮೆ,” ಎಂದೆ ನಾನು ಗಂಭೀರವಾಗಿ.

“ಅರಸೀಕೆರೆ ಕಡೆನಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಪೂಜಾರಿ ಬಸಪ್ಪನಿಗೆ ಊದುಬತ್ತಿ ಬೆಳಗಿದ.

ದೇವರಾಜು ಮಂಡಿಯೂರಿ ಕೂತು ಕೊನೆಯ ಪುಟ ಬಿಡಿಸಿದ ಪುಸ್ತಕವನ್ನು ಮುಂದಿಟ್ಟು ಅಂಗೈ ಚಾಚಿದ. ಜಡೆ ಬಿಚ್ಚಿ ನೆಲಕ್ಕೆ ಹರಡಿತ್ತು. “ಕೇತುವರ್ಮ ಬದುಕಿದ್ರೆ ಪಾದ ಕೊಡಪ್ಪ.”

ಬಸಪ್ಪ ಅವನನ್ನು ನೋಡಿತು. ಜಡೆಯನ್ನು ಮೂಸಿತು. ಬಲಗಾಲು ಎತ್ತಿತು. ಪಾರ್ವತಮ್ಮ “ಗೆದ್ದೆ!” ಎಂದಳು. ಎತ್ತಿದ ಕಾಲನ್ನು ಬಸಪ್ಪ ಹಿಂದಕ್ಕೇ ಇಟ್ಟು, ತಲೆ ಬಗ್ಗಿಸಿ, ಕೊನೆಯ ಪುಟವನ್ನು ನಾಲಿಗೆಯಿಂದ ಸೆಳೆದು, ಪರಕ್ಕನೆ ಹರಿದು, ಕಣ್ಣು ಮುಚ್ಚಿ ಅಗಿಯತೊಡಗಿತು.

ಆಮೇಲೆ ಗುಡಿಯ ಹೆಂಚು ಹಾರುವಂಥ ಗಲಾಟೆ.

“ನುಂಗ್ಬುಡ್ತು! ಕಮರಿ ನುಂಗ್ದಂಗೆ ನುಂಗ್ತು. ಸತ್ತ!” ಎಂದ ಲೋಕೇಶ.

“ಲೇ ತಕ್ಕಡಿ, ದನ ಕಂಡಿದ್ದೀಯೇನ್ಲಾ ನೀನು? ನುಂಗಿದ್ದನ್ನ ಮೆಲುಕು ಆಕ್ದೆ ಬುಟ್ಟಾದಾ? ಒಳಕ್ಕೋದದ್ದು ಮ್ಯಾಲಕ್ಕೆ ಬಂದೇ ಬತ್ತದೆ. ಕೇತುವರ್ಮನೂ ಬತ್ತಾನೆ!” ಎಂದಳು ಪಾರ್ವತಮ್ಮ.

“ಪಾದ ಕೊಡ್ನಿಲ್ವಲ್ಲಕ್ಕ!”

“ಮುಖ ತಿರುಗಿಸ್ತೇನ್ಲಾ?”

ಚಿಕ್ಕಸ್ವಾಮಿ ಕೈಯೆತ್ತಿದ. “ಸಾಕು ಬುಡ್ರಪ್ಪ. ನಿಮ್ಗೂ ಗೊತ್ತಿಲ್ಲ, ದೇವ್ರಿಗೂ ಗೊತ್ತಿಲ್ಲ. ನಡಿ ಸಹನ, ಈ ಸಂಬಂಧ ಇಲ್ಲಿಗೆ ಮುಗೀತು.”

ದೇವರಾಜು ಮಂಡಿಯೂರಿದ್ದವನು ಹಾಗೇ ಕೂತಿದ್ದ, ಖಾಲಿ ಅಂಗೈ ಇನ್ನೂ ಚಾಚಿಕೊಂಡು. ಆಮೇಲೆ ಮೆಲ್ಲಗೆ, “ಕತ್ತರಿ ತರ್ಸಿ,” ಎಂದ. “ಸತ್ತ ಅಂತ್ಲೇ ಒಪ್ಕೋತೀನಿ.”

“ಕತ್ತರಿ ಗಿತ್ತರಿ ಯಾರಾದ್ರೂ ತಂದ್ರೆ ನೋಡಿ ಮತ್ತೆ!”

ಅಂದದ್ದು ಸಹನ. ಅಪ್ಪನ ಹಿಂದೆ ನಿಂತಿದ್ದವಳು ಮುಂದೆ ಬಂದಳು. ಅವಳ ದನಿ ನಾವು ಕೇಳಿದ್ದು ಅದೇ ಮೊದಲು. ಗುಡುಗು ಅದರ ಮುಂದೆ ಪಿಸುಮಾತು.

“ಲೋಕೇಶಣ್ಣ, ಬಳೆ ಒಡೀತು ಅದಕ್ಕೆ ಸತ್ತ ಅಂತೀರಲ್ಲ, ನೀವು ಯಾವತ್ತಾದ್ರೂ ಬಳೆ ತೊಟ್ಟಿದ್ರಾ?”

ಜನ ನಕ್ಕರು. ಲೋಕೇಶ ಕೆಂಪಗಾದ.

“ಒಬ್ರನ್ನ ಮುಂದಕ್ಕೆ ನೂಕಿದ್ರೆ ಬಳೆ ಹಿಂದಕ್ಕೆ ಜಾರ್ತದೆ, ಒಡೆಯಾಕಿಲ್ಲ. ಮುಂಗೈನ ಯಾರಾದ್ರೂ ಬಿಗಿಯಾಗಿ ಹಿಡ್ಕೊಂಡು ಜೋತುಬಿದ್ರೆ ಒಡೀತದೆ. ನೀಲಜ್ವಾಲೆ ಕೈ ಮುಂದೆ ಬಂತು ಅಂತ ಐತೆ. ನೂಕಿದ್ಲು ಅಂತ ಎಲ್ಲೈತೆ? ಅವ್ಳು ಅವನ್ನ ಹಿಡಿಯಾಕೆ ಹೋದ್ಲು. ಅವ್ನೂ ಹಿಡ್ಕೊಂಡ. ಬಳೆ ಒಡೆದು ಕೈ ಜಾರ್ತು.” ಅವಳು ದೇವರಾಜುವಿನತ್ತ ತಿರುಗಿದಳು. “ಅಷ್ಟು ವರ್ಸ ಕಾದು, ಇವತ್ತು ನನ್ಗೋಸ್ಕರ ಅವನ್ನ ಸಾಯಿಸ್ಬುಟ್ರೆ ನಾನು ಒಪ್ಪಾಕಿಲ್ಲ. ಆರನೇ ಭಾಗದಾಗೆ ಅವ್ಳು ಕಮರಿಗೆ ಇಳೀತಾಳೆ, ನೋಡ್ತಿರಿ.”

ನಾಲ್ಕು ತಾಲ್ಲೂಕಿನ ಘಟಾನುಘಟಿಗಳು ನಾವು. ಇಷ್ಟು ವರ್ಷ ಹದ್ದು ಹಾರಿಸಿದೆವು, ಕವಚ ತೂಗಿದೆವು. ಆ ಬಳೆಯನ್ನು ಯಾರೂ ಸರಿಯಾಗಿ ಕೈಗೆತ್ತಿಕೊಂಡಿರಲಿಲ್ಲ. ಪಾರ್ವತಮ್ಮ ತನ್ನ ಮುಂಗೈಯನ್ನೇ ತಾನು ಹಿಡಿದು ಜಗ್ಗಿ ನೋಡಿ, “ಅಯ್ಯೋ ನನ್ ಬುದ್ಧಿಗೆ ಮಣ್ಣಾಕ,” ಎಂದಳು.

“ಅಂಗಾದ್ರೆ ಮದ್ವೆ?” ಎಂದ ಚಿಕ್ಕಸ್ವಾಮಿ.

“ಪೇಟ ಕಟ್ಟಿ ಬಾಸಿಂಗ ಇಟ್ರೆ ಜಡೆ ಯಾರಿಗೆ ಕಾಣ್ತದೆ ಅಪ್ಪಯ್ಯ? ಜೋಗಯ್ಯನ್ನೇ ಕಟ್ಕೋತೀನಿ.”

ದೊಡ್ಡತಾಯಮ್ಮ ಸೊಸೆಯ ಕೆನ್ನೆ ಸವರಿ ನೆಟಿಗೆ ಮುರಿದಳು. ಆ ಸದ್ದು ಶ್ರೀರಂಗಪಟ್ಟಣದ ಕೋಟೆಗೆ ಕೇಳಿಸಿತು.

ಮದುವೆ ಆಯಿತು. ಜಡೆ ಒಳಗಿಡಲು ಕಟ್ಟಿದ ಪೇಟ ಎಷ್ಟು ದೊಡ್ಡದೆಂದರೆ ಮದುಮಗ ಛತ್ರದ ಬಾಗಿಲಲ್ಲಿ ಅಡ್ಡಡ್ಡ ಬಂದ. ಧಾರೆಯ ಹೊತ್ತಿಗೆ ಲೋಕೇಶನೂ ಪಾರ್ವತಮ್ಮನೂ ನೀಲಜ್ವಾಲೆ ಕಮರಿಗೆ ಹಗ್ಗ ಹಿಡಿದು ಇಳಿಯುತ್ತಾಳೋ ಹದ್ದಿನ ಮೇಲೆ ಕೂತು ಇಳಿಯುತ್ತಾಳೋ ಎಂದು ಜಗಳಕ್ಕೆ ನಿಂತು, ಓಲಗದವರೇ ನುಡಿಸುವುದು ಬಿಟ್ಟು ಕೇಳಿದರು. ದೇವರಾಜು ಹಸೆಯ ಮೇಲಿಂದಲೇ “ಹಗ್ಗ! ಹಗ್ಗ!” ಎಂದು ಕೂಗಿದ. ಸಹನ ಅವನ ಮುಂಗೈ ಹಿಡಿದು ಕೂರಿಸಿದಳು.

ಆದರೆ ಅವಳೂ ನಮ್ಮವಳೇ ಅಲ್ಲವೇ. ಗುಡಿಯಿಂದ ಹೊರಡುವಾಗಲೇ ಮಾದಪ್ಪನಿಗೆ ಅವಳೂ ಒಂದು ಹರಕೆ ಹೊತ್ತಿದ್ದಳಂತೆ: ನೀಲಜ್ವಾಲೆ ನೂಕಿಲ್ಲವೆಂದು ಸಾಬೀತಾದರೆ ಅಪ್ಪನ ಮೀಸೆ ಒಪ್ಪಿಸುತ್ತೇನೆ ಎಂದು. ಅಪ್ಪನನ್ನು ಕೇಳಿರಲಿಲ್ಲ. ದೇವರಿಗೆ ಹೇಳಿಯಾಗಿತ್ತು, ಇನ್ನು ಕೇಳುವುದೇನು.

ಎರಡು ವರ್ಷ ಕಳೆದು ಒಂದು ದಿನ ಬಾಬುರಾಯನಕೊಪ್ಪಲಿನಲ್ಲಿ ಚಿಕ್ಕಸ್ವಾಮಿ ಬಸ್ಸು ಹತ್ತಿದ. ಮೊದಲು ಮೀಸೆಯ ಎಡತುದಿ ಹತ್ತಿತು, ಆಮೇಲೆ ಅವನು, ಆಮೇಲೆ ಬಲತುದಿ. ಸೀಟು ಖಾಲಿಯಿದ್ದರೂ ಕೂರಲಿಲ್ಲ. ಟಿಕೆಟ್ಟು ಹರಿಯಲೂ ಬಿಡದೆ ನನ್ನ ತೋಳು ಹಿಡಿದು, ಸುತ್ತ ಯಾರಾದರೂ ಕೇಳಿಸಿಕೊಳ್ಳುತ್ತಾರೇನೋ ಎಂದು ನೋಡಿ, ಕಿವಿಯಲ್ಲಿ ಕೇಳಿದ:

“ಆರನೇ ಭಾಗ ಬಂತೇನ್ಲಾ?”